ಅಗಿಯುವ ನೀರು

ಆಂಕುದ್, ಚಿಲೊಯೆ ದ್ವೀಪ
೯ ಆಗಸ್ಟ್ ೧೯೯೮, ಭಾನುವಾರ

ಎಲಿಯೆಸೆರ್,

ಪುಂತಾ ಅರೆನಾಸಿನ ಚಳಿಯಲ್ಲೂ ನೀನು ಗಟ್ಟಿಮುಟ್ಟಾಗಿದ್ದೀಯ ಎಂದುಕೊಂಡು ಬರೆಯುತ್ತಿದ್ದೇನೆ. ಇದನ್ನು ಹಡಗುಕಟ್ಟೆಯ ಮೇಲೆ ನಿಂತು ಓದಬೇಡ. ಎಲ್ಲಾದರೂ ಕುಳಿತುಕೋ.

ನಿನ್ನ ಅಮ್ಮ ಹೋಗಿಬಿಟ್ಟರು. ಜುಲೈ ಕೊನೆಯ ವಾರದಲ್ಲಿ, ಮನೆಯಲ್ಲೇ, ಅವರ ಹಾಸಿಗೆಯಲ್ಲೇ. ಗುಡ್ಡದ ಮೇಲಿನ ಸ್ಮಶಾನದಲ್ಲಿ ನಿನ್ನ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಪುದೆತೊ ನದಿಯ ಅಳಿವೆ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಸತ್ತ ಮೇಲೂ ಆ ನೀರನ್ನೇ ನೋಡಬೇಕೇ ಎಂದು ಅವರೇ ಹಿಂದೊಮ್ಮೆ ಗೊಣಗಿದ್ದರು. ಬೇರೆ ಜಾಗ ಇರಲಿಲ್ಲ.

ಹೇಗೆ ಹೋದರು ಎನ್ನುವುದು ನಿನಗೆ ತಿಳಿಯಬೇಕು. ನಾಲ್ಕು ಮಾತಿನಲ್ಲಿ ಮುಗಿಯುವುದಲ್ಲ, ಅದಕ್ಕೇ ಕಾಗದ ಹಿಡಿದಿದ್ದೇನೆ. ನೆರೆಯವರ ಬಾಯಿಂದ ನೀನು ಬೇರೆ ಬೇರೆ ಥರ ಕೇಳುವ ಮೊದಲು ನನ್ನಿಂದಲೇ ಕೇಳಬೇಕು ಎಂಬ ಆಸೆಯೂ ಇದೆ.

ಕಳೆದ ನವೆಂಬರಿನಲ್ಲಿ ಅವರಿಗೆ ಲಕ್ವ ಹೊಡೆದದ್ದು ನಿನಗೆ ಗೊತ್ತು. ಈಸ್ಟರ್‌ಗೆ ಬರುತ್ತೇನೆಂದು ನೀನು ಆಗ ಬರೆದಿದ್ದೆ. ಸುದ್ದಿ ನಾನು ನಿನಗೆ ಅರ್ಧವೇ ತಿಳಿಸಿದ್ದೆ. ಕೈಕಾಲಿಗೆ ನಿಧಾನವಾಗಿ ಬಲ ಬಂತು. ಮಾತೂ ಬಂತು, ನಾಲಿಗೆಯ ಹರಿತ ಒಂದು ಚೂರೂ ಕಡಿಮೆಯಾಗದೆ ಬಂತು. ಬಾರದೇ ಉಳಿದದ್ದು ಗಂಟಲು. ನುಂಗುವುದನ್ನು ಅದು ಮರೆತುಬಿಟ್ಟಿತ್ತು. ಒಂದು ಗುಟುಕು ನೀರು ಕೊಟ್ಟರೆ ಅದು ಹೊಟ್ಟೆಗೆ ಇಳಿಯುವ ಬದಲು ಶ್ವಾಸನಾಳಕ್ಕೆ ನುಗ್ಗುತ್ತಿತ್ತು. ಮುಖ ನೀಲಿಯಾಗುವವರೆಗೆ ಕೆಮ್ಮುತ್ತಿದ್ದರು.

ಆಸ್ಪತ್ರೆಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಇವ್ರಿಗೆ ನೀರೇ ವಿಷ ಅಂತ ತಿಳ್ಕೊಳ್ಳಿ. ತೆಳ್ಳಗಿರೋದು ಏನೂ ಕೊಡಬೇಡಿ. ಗಟ್ಟಿ ಮಾಡಿ ಕೊಡಿ, ಇಲ್ಲಾಂದ್ರೆ ಮೂಗಿಗೆ ನಳಿಗೆ ಹಾಕ್ಬೇಕಾಗತ್ತೆ."

ನಳಿಗೆಯನ್ನು ಹಾಕಿಯೂ ನೋಡಿದರು. ಅತ್ತೆ ಅದೇ ಸಂಜೆ ಎಡಗೈಯಿಂದ ಕಿತ್ತೆಸೆದರು. "ನನ್ನೇನು ದೋಣಿ ಅನ್ಕೊಂಡ್ರಾ ಇವ್ರು, ಮೂಗಿಗೆ ಹಗ್ಗ ಕಟ್ಟಿ ನಿಲ್ಲಿಸಕ್ಕೆ? ಮಿರ್ತಾ, ಮನೆಗ್ ಕರ್ಕೊಂಡ್ ಹೋಗು. ಸಾಯೋದಾದ್ರೆ ನನ್ ಒಲೆ ಹತ್ರ ಸಾಯ್ತೀನಿ" ಎಂದರು. ನರ್ಸ್ ನಕ್ಕಳು. ನನಗೆ ನಗು ಬರಲಿಲ್ಲ.

ಮನೆಯಲ್ಲಿ ಮೊದಲು ಆಲೂಗಡ್ಡೆ ಹಿಟ್ಟು ಕಲಸಿ ನೀರನ್ನು ಗಂಜಿಯಂತೆ ಮಾಡಿ ಕೊಟ್ಟೆ. ಲೋಟದಲ್ಲಿ ಗಟ್ಟಿಯಾಗಿರುತ್ತಿತ್ತು. ಬಾಯಿಗೆ ಹೋದೊಡನೆ ಎಂಜಲು ಸೋಕಿ ಮತ್ತೆ ನೀರಾಗುತ್ತಿತ್ತು. ಮತ್ತೆ ಅದೇ ಕೆಮ್ಮು. "ಗೋಡೆಗೆ ಹಚ್ಚೋ ಅಂಟು ಇದು. ನಮ್ಮನೆ ಗೋಡೆ ಗಟ್ಟಿಯಾಗೇ ಇದೆ, ನಂಗ್ಯಾಕೆ ಹಾಕ್ತೀಯ?" ಎಂದು ಚಮಚವನ್ನು ತಳ್ಳಿದರು. ತುಟಿ ಒಣಗಿ ಸೀಳು ಬಿಟ್ಟಿತ್ತು. ಹೊರಗೆ ಎಡೆಬಿಡದೆ ಮಳೆ, ಒಳಗೆ ಆ ಜೀವಕ್ಕೆ ನಾಲಿಗೆ ನೆನೆಯುವಷ್ಟು ನೀರಿಲ್ಲ.

ನನ್ನ ಕೆಲಸ ನಿನಗೆಂದೂ ಹಿಡಿಸಲಿಲ್ಲ, ಎಲಿಯೆಸೆರ್. "ನನ್ ಹೆಂಡ್ತಿ ಕಸ ಬೇಯಿಸಿ ಸಂಬಳ ತಗೋತಾಳೆ" ಎಂದು ನೀನು ಗೆಳೆಯರ ಮುಂದೆ ಹೇಳುತ್ತಿದ್ದೆ. ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಸಾಲ್ಮನ್ ಕಾರ್ಖಾನೆಗಳು ಬಿಸಾಡುವ ಮೀನಿನ ಚರ್ಮದಿಂದ ಜೆಲಟಿನ್ ತೆಗೆಯುವುದು, ಅಳಿವೆಯ ಪೆಲಿಯೊ ಪಾಚಿಯಿಂದ ಅಗರ್ ಎಂಬ ಹೆಪ್ಪುಗಟ್ಟುವ ಅಂಟು ತೆಗೆಯುವುದು, ಎರಡನ್ನೂ ಅಳೆದು ತೂಗಿ ಅವು ಎಂಥವು ಎಂದು ಬರೆದಿಡುವುದು, ನಮ್ಮ ಲ್ಯಾಬ್ ಇದ್ದದ್ದೇ ಅದಕ್ಕೆ. ಎರಡನ್ನೂ ಬೆರೆಸಿ ಮಾತ್ರೆಯ ಹೊದಿಕೆ ಮಾಡಬೇಕು, ಹಂದಿ ದನಗಳ ಮೂಳೆಯ ಜೆಲಟಿನ್ ಬದಲು ಜಗತ್ತಿಗೆ ನಮ್ಮ ದ್ವೀಪದ್ದನ್ನು ಮಾರಬೇಕು ಎನ್ನುವುದು ಮುಖ್ಯಸ್ಥರಾದ ದೊನ್ ವ್ಲಾದಿಮಿರರ ಕನಸು. ನಾನು ಅವರ ಕೈಕೆಳಗಿನ ಸಹಾಯಕಿ. ಚರ್ಮವನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ ವಾಸನೆ ತೆಗೆಯುತ್ತಿದ್ದೆ, ಹುಳಿನೀರಿನಲ್ಲಿ ಉಬ್ಬಿಸುತ್ತಿದ್ದೆ, ಬೆಚ್ಚನೆಯ ನೀರಿನಲ್ಲಿ ಅದು ಕರಗಿ ಬರುವವರೆಗೆ ಕಾಯುತ್ತಿದ್ದೆ. ಪೆಲಿಯೊವನ್ನೂ ಸೋಡಾದಲ್ಲಿ ಬೇಯಿಸಿ ತೊಳೆದು, ಮತ್ತೆ ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ಬಟ್ಟೆಯಲ್ಲಿ ಸೋಸಿ, ಹೆಪ್ಪುಗಟ್ಟಿಸಿ, ಒಣಗಿಸುತ್ತಿದ್ದೆ.

ಒಂದು ದಿನ ಕೊಳವೆಯಲ್ಲಿನ ಜೆಲ್ಲಿಯ ಮೇಲೆ ಗಾಜಿನ ಮಣಿಯಿಟ್ಟು, ಸುತ್ತಲಿನ ನೀರು ಬಿಸಿಯಾಗುತ್ತಾ ಹೋದಂತೆ ಮಣಿ ಯಾವಾಗ ಮುಳುಗುತ್ತದೆಂದು ನೋಡುತ್ತಿದ್ದೆ. ಜೆಲ್ಲಿ ಕರಗುವ ಬಿಸಿ ಎಷ್ಟೆಂದು ತಿಳಿಯುವುದು ಹಾಗೆ. ಆ ಮಣಿಯನ್ನೇ ನೋಡುತ್ತಾ ಇರುವಾಗ ಅತ್ತೆಯ ಗಂಟಲು ನೆನಪಾಯಿತು. ಅವರಿಗೆ ಬೇಕಾದದ್ದು ಇದೇ ಅಲ್ಲವೇ? ಬಾಯಲ್ಲಿ ನೀರಾಗಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳಲೂಬಾರದು.

ದೊನ್ ವ್ಲಾದಿಮಿರರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಮಿರ್ತಾ, ಇದು ಔಷಧಿಯವ್ರಿಗೆ ಅಂತ ಬಂದಿರೋ ಯೋಜನೆ. ನಿಮ್ಮತ್ತೆ ಊಟಕ್ಕೆ ಅಂತ ನಾನು ಯಾರಿಗೂ ಬರೆಯಕ್ಕಾಗಲ್ಲ." ನಾನು ಹೊರಡಲು ತಿರುಗಿದೆ. ಬಾಗಿಲ ಬಳಿ ಹೋಗುವಷ್ಟರಲ್ಲಿ ಹಿಂದಿನಿಂದ ಹೇಳಿದರು: "ಅಳತೆ ಮುಗಿದ ಮೇಲೆ ಉಳಿದದ್ದನ್ನ ಹೇಗೂ ಚೆಲ್ತೀವಿ. ನೀನು ಎಲ್ಲಿ ಚೆಲ್ತೀಯ ಅಂತ ನಾನು ಕೇಳಲ್ಲ. ಪಾತ್ರೆ ಮಾತ್ರ ಬೇರೆ ಇಟ್ಕೋ, ಸೋಡಾ ತಾಗಿದ್ದು ಬೇಡ."

ಒಳ್ಳೆಯ ಮನುಷ್ಯ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಮೀನಿನ ಜೆಲಟಿನ್ ಒಂದನ್ನೇ ಹಾಕಿದರೆ ಅದು ತಣ್ಣೀರಿನ ಮೀನಿನದ್ದು ನೋಡು, ಒಲೆಯಿರುವ ಕೋಣೆಗೆ ತರುತ್ತಲೇ ಕರಗುತ್ತಿತ್ತು. ಅಗರ್ ಒಂದನ್ನೇ ಹಾಕಿದರೆ ಬಾಯಲ್ಲಿ ಕರಗುವುದೇ ಇಲ್ಲ. ಗಾಜಿನ ಚೂರಿನಂತೆ ಒಡೆದು ಪುಡಿಪುಡಿಯಾಗುತ್ತಿತ್ತು, ಆ ಪುಡಿ ಗಂಟಲಿನ ಮೂಲೆಯಲ್ಲಿ ಕೂರುತ್ತಿತ್ತು. ಎರಡನ್ನೂ ಸೇರಿಸಿ ಎಷ್ಟೆಷ್ಟು ಬಗೆಯಲ್ಲಿ ನೋಡಿದೆನೋ ಲೆಕ್ಕವಿಲ್ಲ. ಕೊನೆಗೆ ದಾರಿ ಕಂಡದ್ದು ಸೋಡಾದಲ್ಲಿ ಬೇಯಿಸದ ಅಗರಿನಿಂದ. ಲ್ಯಾಬಿನಲ್ಲಿ ಅದು ಬಲವಿಲ್ಲದ್ದೆಂದು ನಾವು ಪಕ್ಕಕ್ಕಿಡುವ ಮಾಲು. ಅದು ಮೆತ್ತಗೆ ಕೂರುತ್ತದೆ. ಅದಕ್ಕೆ ಸ್ವಲ್ಪ ಜೆಲಟಿನ್ ಸೇರಿಸಿದರೆ ನಾಲಿಗೆಯ ಮೇಲೆ ಅಂಚು ಮಾತ್ರ ಕರಗಿ, ಇಡೀ ತುಂಡು ಜಾರಿ ಇಳಿಯುತ್ತದೆ. ನಾನೇ ಎಷ್ಟೋ ಸಲ ಕಣ್ಣು ಮುಚ್ಚಿ ನುಂಗಿ ನೋಡಿದೆ.

ಜನವರಿಯಲ್ಲಿ ಮೊದಲ ಬಾರಿಗೆ, ಅವರು ದಿನವೂ ಕುಡಿಯುತ್ತಿದ್ದ ಮಾಟೆ ಎಲೆಯ ಕಷಾಯವನ್ನೇ ಜೆಲ್ಲಿ ಮಾಡಿ, ಚೌಕ ಚೌಕವಾಗಿ ಕತ್ತರಿಸಿ ತಟ್ಟೆಯಲ್ಲಿಟ್ಟು ತಂದೆ. ಅತ್ತೆ ಮೂಸಿ ನೋಡಿದರು.

"ಮೀನ್ ಚರ್ಮದ ವಾಸ್ನೆ. ನಾನೇನು ಕಡಲಸಿಂಹಾನಾ, ಸಾಲ್ಮನ್ ಪಂಜರಕ್ಕೆ ಮೂತಿ ತೂರ್ಸಕ್ಕೆ?"

"ಒಂದು ತುಂಡು ಅತ್ತೆ. ಕೆಮ್ಮು ಬಂದ್ರೆ ಬಿಟ್ಬಿಡಿ."

ಒಂದನ್ನು ಬಾಯಿಗಿಟ್ಟುಕೊಂಡರು. ನಾನು ಅವರ ಕೊರಳನ್ನೇ ನೋಡುತ್ತಾ ನಿಂತೆ. ಅದು ಇಳಿಯಿತು. ಕೆಮ್ಮು ಬರಲಿಲ್ಲ. ಇನ್ನೊಂದು ತೆಗೆದುಕೊಂಡರು, ಅದೂ ಇಳಿಯಿತು. ಆಮೇಲೆ ನನ್ನ ಕಡೆ ನೋಡಿ ಹೇಳಿದರು: "ಹುಟ್ಟಿದಾಗಿಂದ ಕುಡ್ಕೊಂಡ್ ಬಂದೆ. ಈಗ ನೀರು ಅಗೀಬೇಕಂತೆ. ಏನ್ ಕಾಲ ಬಂತು ಮಗಳೇ! ಚಿಕ್ಕೋಳಾಗಿದ್ದಾಗಿಂದ ಸೊಂಟದ್ ಮಟ್ಟ ನೀರಲ್ಲಿ ನಿಂತು ಈ ಪೆಲಿಯೊ ಕಿತ್ತೆ. ಅದೇ ಈಗ ನನ್ ಬಾಯಿಗ್ ಬಂತು ನೋಡು."

ಆ ಬೇಸಿಗೆಯೇ ಚೆನ್ನಾಗಿತ್ತು. ನಿನಗೆ ಹೇಳಬೇಕು ಅನ್ನಿಸುತ್ತಿತ್ತು. ಸಿಪ್ಪೆಯ ಜತೆ ಕುದಿಸಿದ ಸೇಬಿನ ಜೆಲ್ಲಿ, ಕೋಳಿ ಸಾರಿನ ಜೆಲ್ಲಿ, ಈರುಳ್ಳಿ ಹುರಿದು ಸೋಸಿದ ಚಿಪ್ಪಿನ ಸಾರಿನ ಜೆಲ್ಲಿ. ಅವರ ಕೆನ್ನೆ ತುಂಬಿತು. ಅಂಗಳದಲ್ಲಿ ಕುಳಿತು ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆಯುತ್ತಿದ್ದರು. "ಬಾರೇ, ನೀರು ಅಗಿಯೋದು ನೋಡ್ಕೊಂಡ್ ಹೋಗು!" ಪಕ್ಕದ ಮನೆಯ ಉಬೆರ್ಲಿಂದಾ ಒಂದು ತುಂಡು ತಿಂದು ಉಗುಳಿದಳು. ಅತ್ತೆಗೆ ನಕ್ಕೂ ನಕ್ಕೂ ಕಣ್ಣೀರು ಬಂತು. ನಿನ್ನ ಹೆಸರನ್ನು ನಾವಿಬ್ಬರೂ ಹೆಚ್ಚಾಗಿ ಎತ್ತುತ್ತಿರಲಿಲ್ಲ. ಕೇಳಿದವರಿಗೆ ಮಾತ್ರ ಅವರು, "ಮಗ ದಕ್ಷಿಣದಲ್ಲಿ ಹಡಗಿನ ಕೆಲಸದಲ್ಲಿದಾನೆ, ರಜೆ ಸಿಗಲ್ಲ" ಎನ್ನುತ್ತಿದ್ದರು.

ಮಾರ್ಚಿನಲ್ಲಿ ರಾಜಧಾನಿಯಿಂದ ಸುದ್ದಿ ಬಂತು, ಯೋಜನೆಯನ್ನು ಮುಂದುವರಿಸುವುದಿಲ್ಲವೆಂದು. ಮಾತ್ರೆಯ ಹೊದಿಕೆ ಅವರ ಅಳತೆಗೆ ಬರಲಿಲ್ಲ. ಒಂದೊಂದು ಸಲ ಒಂದೊಂದು ಥರ ಬರುತ್ತಿತ್ತು. ಚಳಿಗಾಲದ ಪೆಲಿಯೊ ಬೇರೆ, ಬೇಸಿಗೆಯ ಪೆಲಿಯೊ ಬೇರೆ, ಪ್ರತಿ ದೋಣಿಯ ಚರ್ಮವೂ ಬೇರೆ. ದೊನ್ ವ್ಲಾದಿಮಿರ್ ಉಪಕರಣಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿದರು. ನಾನು ಮೊಳೆ ಹೊಡೆದೆ. ಅವರಿಗೆ ವಾಲ್ದಿವಿಯಾದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಹೋಗುವಾಗ ಒಂದು ಚೀಲ ಜೆಲಟಿನ್, ಒಂದು ಚೀಲ ಅಗರ್ ನನ್ನ ಕೈಗಿಟ್ಟು, "ಇದಕ್ಕಿಂತ ಹೆಚ್ಚು ನನ್ ಕೈಲಿ ಆಗಲ್ಲ ಮಿರ್ತಾ" ಎಂದರು. ನಾನು ಥ್ಯಾಂಕ್ಸ್ ಹೇಳುವುದನ್ನೂ ಮರೆತೆ.

ಆ ಚೀಲಗಳು ಮೇ ತಿಂಗಳಿಗೇ ಖಾಲಿಯಾದವು. ಮನೆಯಲ್ಲೇ ಮಾಡಿಕೊಳ್ಳೋಣ ಎಂದುಕೊಂಡೆ. ಅಳಿವೆಗೆ ಹೋದರೆ ಪೆಲಿಯೊ ಇಲ್ಲ. ಇದ್ದದ್ದರ ಮೇಲೆ ಕಂದು ಬಣ್ಣದ ತುಪ್ಪಳದಂಥದ್ದು ಬೆಳೆದು, ಮುಟ್ಟಿದರೆ ಎಳೆಗಳು ಕೈಯಲ್ಲೇ ತುಂಡಾಗುತ್ತಿದ್ದವು. ನಿನ್ನ ಅಪ್ಪ ಕಂಬ ನೆಟ್ಟು ಗಡಿ ಹಾಕಿದ್ದ ಜಾಗದಲ್ಲಿ ಬರೀ ಮರಳು. ನೆಂಟರ ಹಳೆಯ ದಾಸ್ತಾನಿನಿಂದ ಒಂದಿಷ್ಟು ಒಣ ಪಾಚಿ ಬೇಡಿ ತಂದೆ. ಮೀನಿನ ಚರ್ಮ ಈಗ ಕಸವಲ್ಲ, ಅರೆದು ಮೀನಿಗೇ ಮೇವು ಮಾಡುತ್ತಾರೆ. ಕಾರ್ಖಾನೆಯ ಬಾಗಿಲಲ್ಲಿ ನಿಂತು ಕೇಳಿದರೆ ಕಾವಲುಗಾರ, "ಒಂದು ಬಾಲದ ತುಂಡೂ ಆಚೆ ಬಿಡಬಾರ್ದು ಅಂತ ಆರ್ಡರ್ ಅಕ್ಕಾ" ಎಂದ. ಮಾರ್ಕೆಟ್ಟಿನಲ್ಲಿ ಮೀನು ಕೊಯ್ಯುವ ಹೆಂಗಸರು ಅಷ್ಟಿಷ್ಟು ಕೊಟ್ಟರು.

ಕಟ್ಟಿಗೆ ಒಲೆಯ ಮೇಲೆ ಬಿಸಿ ಒಂದೇ ಸಮ ನಿಲ್ಲುವುದಿಲ್ಲ, ಎಲಿಯೆಸೆರ್. ಸ್ವಲ್ಪ ಹೆಚ್ಚಾದರೆ ಜೆಲಟಿನ್ ಮುರಿದುಹೋಗುತ್ತದೆ, ಮತ್ತೆ ಗಟ್ಟಿಯಾಗುವುದಿಲ್ಲ. ಕಡಿಮೆಯಾದರೆ ಚರ್ಮ ಬಿಟ್ಟುಕೊಡುವುದಿಲ್ಲ. ಅಳೆಯಲು ನನ್ನ ಬಳಿ ಬೆರಳು ಮತ್ತು ನಾಲಿಗೆ ಮಾತ್ರ. ಒಂದು ದಿನ ಮಾಡಿದ್ದು ಮೇಲೆ ನೋಡಲು ಸರಿಯಾಗಿತ್ತು. ಒಳಗೆ ನೀರು ಬಿಟ್ಟುಕೊಂಡಿತ್ತು. ಕಚ್ಚಿದೊಡನೆ ಆ ನೀರು ಅವರ ಗಂಟಲಿಗೆ ಹಾರಿತು. ಬೆನ್ನು ತಟ್ಟಿದೆ, ತಲೆ ಬಗ್ಗಿಸಿ ಹಿಡಿದೆ. ಉಬೆರ್ಲಿಂದಾ ಓಡಿ ಬಂದಳು. ಮರುದಿನವೇ ಜ್ವರ. ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದರು.

ಬದುಕಿ ಮನೆಗೆ ಬಂದರು, ಆದರೆ ಬಂದದ್ದು ಅರ್ಧ ಜೀವ. ಡಾಕ್ಟರು ಮತ್ತೆ ನಳಿಗೆಯ ಮಾತೆತ್ತಿದಾಗ ಅತ್ತೆ ಗೋಡೆಯ ಕಡೆ ಮುಖ ಮಾಡಿದರು. ಹೊಟ್ಟೆಗೇ ತೂತು ಮಾಡಿ ನಳಿಗೆ ಹಾಕಬಹುದು, ಅದಕ್ಕೆ ದ್ವೀಪದಾಚೆ ಪುವೆರ್ತೊ ಮೊಂತ್ ಊರಿಗೆ ಕರೆದೊಯ್ಯಬೇಕು, ಈ ಎದೆಯಲ್ಲಿ ಆ ಆಪರೇಷನ್ ತಡೆದಾರೆಂದು ಹೇಳಲಾರೆ ಎಂದರು ಡಾಕ್ಟರು. ನಾನು ಅತ್ತೆಯನ್ನು ಕೇಳಿದೆ. ಅವರು ತಲೆಯಾಡಿಸಲೂ ಇಲ್ಲ, ಕಣ್ಣಿನಲ್ಲೇ ಬೇಡ ಎಂದರು.

ಜುಲೈ ಪೂರ್ತಿ ಚಮಚದ ಲೆಕ್ಕದ ಬದುಕು. ನಾನು ಮಾಡುವ ಜೆಲ್ಲಿ ಒಂದು ದಿನ ಸರಿಯಾಗುತ್ತಿತ್ತು, ಎರಡು ದಿನ ಕೆಡುತ್ತಿತ್ತು. ಕೆಟ್ಟದ್ದನ್ನು ಕೊಡಲು ಕೈ ಬರುತ್ತಿರಲಿಲ್ಲ. ಹತ್ತಿಯಲ್ಲಿ ನೀರು ಅದ್ದಿ ತುಟಿ ಒರೆಸುತ್ತಿದ್ದೆ. ಅವರು ಹತ್ತಿಯನ್ನೇ ಹಲ್ಲಿನಲ್ಲಿ ಹಿಡಿದುಕೊಳ್ಳುತ್ತಿದ್ದರು, ಬಿಡಿಸಬೇಕಾಗುತ್ತಿತ್ತು. ಅದನ್ನು ಬಿಡಿಸುವುದಿದೆಯಲ್ಲ, ಅದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ.

ಒಂದು ಮಧ್ಯಾಹ್ನ ಮಳೆ ನಿಂತು ಕಿಟಕಿಯಲ್ಲಿ ಸ್ವಲ್ಪ ಬೆಳಕು ಬಂದಿತ್ತು. ಹಾಸಿಗೆಯನ್ನು ಅಡುಗೆಮನೆಗೇ ತಂದಿದ್ದೆ, ಒಲೆಯ ಪಕ್ಕಕ್ಕೆ. ಕೆಟಲ್ ಸೀಟಿ ಹಾಕಿತು. ಅವರು ನನ್ನನ್ನು ಕರೆದರು.

"ಮಿರ್ತಾ, ಒಂದ್ ಮಾಟೆ ಮಾಡು."

"ಜೆಲ್ಲಿ ಇನ್ನೂ ಕೂತಿಲ್ಲ ಅತ್ತೆ, ಸಂಜೆ ಕೊಡ್ತೀನಿ."

"ಜೆಲ್ಲಿ ಯಾರ್ ಕೇಳಿದ್ರು? ಮಾಟೆ ಕೇಳ್ದೆ. ಬಿಸಿದು. ಸಕ್ಕರೆ ಹಾಕಿ, ನನ್ ಸೋರೆ ಬುರುಡೇಲಿ, ನಾನ್ ಹೀರೋ ಕೊಳವೇಲಿ."

"ಅದು ಕುಡಿದ್ರೆ ಏನಾಗತ್ತೆ ಅಂತ ನಿಮಗ್ ಗೊತ್ತು."

"ಗೊತ್ತು. ನಿಂಗೂ ಗೊತ್ತು. ಅದಕ್ಕೇ ನಿನ್ ಕೇಳ್ತಿರೋದು, ಉಬೆರ್ಲಿಂದಾನ್ ಕೇಳಿದ್ರೆ ಪಾದ್ರಿ ಕರ್ಕೊಂಡ್ ಬರ್ತಾಳೆ." ಉಸಿರು ತೆಗೆದುಕೊಳ್ಳಲು ಸ್ವಲ್ಪ ನಿಲ್ಲಿಸಿದರು. "ನೀನ್ ನನ್ನ ಸಾಕಾಗೋವಷ್ಟು ಉಳಿಸ್ದೆ ಮಗಳೇ. ಈಗ ಬಾಯಾರಿಕೆ ಆಗ್ತಿದೆ, ಅಷ್ಟೇ. ನೀರು ನೀರಾಗೇ ಬೇಕು."

ನಾನು ಹೊರಗೆ ಹೋಗಿ ಕಟ್ಟಿಗೆ ರಾಶಿಯ ಹತ್ತಿರ ನಿಂತೆ. ಯಾರನ್ನಾದರೂ ಕೇಳಬೇಕಿತ್ತು, ಕೇಳಲು ಯಾರೂ ಇರಲಿಲ್ಲ. ವಾಪಸು ಬಂದಾಗ ಅವರು ಹಾಗೆಯೇ ಕಾಯುತ್ತಿದ್ದರು, ಎಡಗೈಯನ್ನು ಹೊದಿಕೆಯ ಮೇಲೆ ಬುರುಡೆ ಹಿಡಿಯುವ ಹಾಗೆ ಬಟ್ಟಲು ಮಾಡಿ ಇಟ್ಟುಕೊಂಡು.

ಮಾಡಿ ಕೊಟ್ಟೆ. ಬೆನ್ನ ಹಿಂದೆ ಕುಳಿತು ಅವರನ್ನು ನನ್ನ ಎದೆಗೆ ಒರಗಿಸಿಕೊಂಡೆ. ಮೊದಲ ಗುಟುಕಿಗೆ ಕೆಮ್ಮಿದರು. ಬುರುಡೆಯನ್ನು ತೆಗೆಯಲು ಹೋದೆ, ಬಿಡಲಿಲ್ಲ. ಕೆಮ್ಮುತ್ತಾ ಕುಡಿದರು, ಕುಡಿಯುತ್ತಾ ಕೆಮ್ಮಿದರು. ಕೊನೆಯಲ್ಲಿ ಬುರುಡೆ ಗೊರಗೊರ ಎಂದಿತು. "ಹಾ" ಎಂದರು, ಬಿಸಿಲಿಗೆ ಬೆನ್ನು ಕೊಟ್ಟವರ ಹಾಗೆ. "ಸಕ್ಕರೆ ಕಮ್ಮಿ ಆಯ್ತು ಕಣೇ."

ಇನ್ನೊಂದು ಮಾಡಿ ಕೊಟ್ಟೆ, ಸಕ್ಕರೆ ಜಾಸ್ತಿ ಹಾಕಿ.

ಆಮೇಲೆ ಜ್ವರ ಬಂದೇ ಬಂತು. ಮತ್ತೆ ಕಣ್ಣು ಬಿಟ್ಟು ಮಾತಾಡಲಿಲ್ಲ. ಉಸಿರು ಒದ್ದೆ ಬಟ್ಟೆ ಎಳೆದಂತೆ ಕೇಳುತ್ತಿತ್ತು, ವಾರ ಮುಗಿಯುವುದರೊಳಗೆ ಅದೂ ನಿಂತಿತು. ಸುಖವಾಗಿ ಹೋದರು ಎಂದು ನಿನಗೆ ಬರೆಯಬಹುದಿತ್ತು. ಸುಖವಾಗಿ ಹೋಗಲಿಲ್ಲ. ಆದರೆ ಬಾಯಾರಿ ಹೋಗಲಿಲ್ಲ. ಅಷ್ಟನ್ನು ನಾನು ನಿನಗೆ ಪ್ರಮಾಣ ಮಾಡಿ ಹೇಳಬಲ್ಲೆ. ನಾನು ಮಾಡಿದ್ದು ಸರಿಯೋ ಎಂದು ಕೇಳುತ್ತಿಲ್ಲ. ಉತ್ತರ ನಿನ್ನ ಬಳಿಯೂ ಇರಲಾರದು.

ಒಂಬತ್ತು ದಿನದ ಜಪ ಮುಗಿಯಿತು. ಜನ ಬಂದರು, ಕುರಿ ಕಡಿದೆವು. ಉಬೆರ್ಲಿಂದಾ ಆಲೂಗಡ್ಡೆ ರೊಟ್ಟಿ ಸುಟ್ಟು ಎಲ್ಲರಿಗೂ ಬಡಿಸಿದಳು. ಎಲ್ಲರೂ ಹೋದ ಮೇಲೆ ನಾನು ಪಾತ್ರೆ ತೊಳೆದೆ. ಹಿತ್ತಲ ಬಾಗಿಲ ಬಳಿಯ ತಣ್ಣನೆಯ ಗೂಡಿನಲ್ಲಿ ಒಂದು ಬೋಗುಣಿ ಜೆಲ್ಲಿ ಉಳಿದುಹೋಗಿತ್ತು, ಎಂದು ಮಾಡಿದ್ದೋ ಏನೋ. ತಿರುಗಿಸಿ ನೋಡಿದೆ. ಬಿಗಿಯಾಗಿ ಕೂತಿತ್ತು, ನೀರು ಬಿಟ್ಟಿರಲಿಲ್ಲ. ಹಿತ್ತಲಿಗೆ ಒಯ್ದು ಚೆಲ್ಲಿದೆ. ಕೋಳಿಗಳೂ ಮುಟ್ಟಲಿಲ್ಲ.

ನಾಳೆಯಿಂದ ನನಗೆ ಸಾಲ್ಮನ್ ಕಾರ್ಖಾನೆಯಲ್ಲಿ ಕೆಲಸ, ಚರ್ಮ ಸುಲಿಯುವ ಮೆಷಿನ್ನಿನ ಮುಂದೆ. ಬಿಳಿ ಬೂಟು, ಬಿಳಿ ಟೋಪಿ ಕೊಟ್ಟಿದ್ದಾರೆ. ಲ್ಯಾಬಿನ ಅನುಭವ ಇದೆ ಎಂದೆ. ಇಲ್ಲಿ ಅದೇನೂ ಬೇಡ, ಚಳಿ ತಡೆದುಕೊಂಡರೆ ಸಾಕು ಎಂದರು. ತಡೆದುಕೊಳ್ಳುತ್ತೇನೆ.

ಮನೆ ನಿನ್ನದೇ, ನಿನ್ನ ಅಮ್ಮನದು. ಬೇಕಾದಾಗ ಬರೆ, ಬೀಗದ ಕೈ ಉಬೆರ್ಲಿಂದಾಳ ಹತ್ತಿರ ಕೊಟ್ಟು ನಾನು ಅಕ್ಕನ ಮನೆಗೆ ಹೋಗುತ್ತೇನೆ. ಅವರಿಗಾಗಿ ಒಂದು ಮೇಣದ ಬತ್ತಿ ಹಚ್ಚು. ಅಲ್ಲಿನ ಗಾಳಿಗೆ ನಿಂತರೆ.

ಇಂತಿ,
ಮಿರ್ತಾ

ಮರೆತೆ: ಇದರ ಜತೆಗಿನ ಪೊಟ್ಟಣದಲ್ಲಿ ಉಣ್ಣೆಯ ಪುಟ್ಟ ಕಾಲುಚೀಲಗಳಿವೆ, ಮೂರು ಜೊತೆ, ಒಂದಕ್ಕಿಂತ ಒಂದು ಸ್ವಲ್ಪ ದೊಡ್ಡದು. ಅತ್ತೆಯ ಪೆಟ್ಟಿಗೆಯ ಅಡಿಯಲ್ಲಿ ಸಿಕ್ಕವು. ಲಕ್ವ ಹೊಡೆಯುವ ಮೊದಲಿನ ಚಳಿಗಾಲದಲ್ಲಿ ನಾವಿಬ್ಬರೂ ಸೇರಿ ಬಣ್ಣ ಹಾಕಿದ ಉಣ್ಣೆ ಅದು, ಗುರುತು ಸಿಕ್ಕಿತು. ನಮಗೆ ಹುಟ್ಟುವ ಮಗುವಿಗಾಗಿ ಹೆಣೆದದ್ದಲ್ಲ. ನನಗಿನ್ನು ಮಕ್ಕಳಾಗುವುದಿಲ್ಲವೆಂದು ಡಾಕ್ಟರು ಹೇಳಿದ ದಿನ ನನ್ನ ಕೈ ಹಿಡಿದು ಕೂತಿದ್ದವರು ಅವರೇ. ಅದೇ ಚಳಿಗಾಲದಲ್ಲಿ ನೀನು ಕೊಟ್ಟ ನಂಬರಿಗೆ ನಾನೊಮ್ಮೆ ಫೋನ್ ಮಾಡಿದ್ದೆ. ಎತ್ತಿದ್ದು ಒಬ್ಬಳು ಹೆಂಗಸು. ಹಿಂದೆ ಒಂದು ಮಗು "ಅಪ್ಪಾನಾ?" ಎಂದು ಕೇಳುತ್ತಿತ್ತು. ರಾಂಗ್ ನಂಬರ್ ಎಂದು ಇಟ್ಟುಬಿಟ್ಟೆ, ಅತ್ತೆಗೆ ಗೊತ್ತಾಗಬಾರದೆಂದು ಯಾರಿಗೂ ಹೇಳಲಿಲ್ಲ. ಆ ಮಗುವಿನ ವಿಷಯ ಅವರಿಗೆ ಯಾರು ಹೇಳಿದರೋ. ನನಗೆ ಗೊತ್ತಾಗಬಾರದೆಂದು ಅವರು ಇವನ್ನು ಹೆಣೆದು ಬಚ್ಚಿಟ್ಟಿದ್ದರು. ಎಲ್ಲಕ್ಕಿಂತ ಚಿಕ್ಕದು ಈಗ ಆಗಲಾರದು. ಉಳಿದೆರಡು ಆ ಮಗುವಿನ ಕಾಲಿಗೆ ಆದಾವು.